ಶಾಸನವಿದ್ಯಾಪ್ರವೀಣ ಡಾ|| ಫ್ಲೀಟರು

ಕರ್ಣಾಟಕದ ಪುರಾತನ ಅರಸರ ವೃತ್ತಾಂತವನ್ನು ಶಿಲಾಶಾಸನಗಳಿಂದಲೇ ನುಡಿಯಿಸಿದ ಮಹನೀಯರಲ್ಲಿ ಡಾ|| ಜೆ. ಎಫ್. ಫ್ಲೀಟ್ ಸಾಹೇಬರು ಅಗ್ರಗಣ್ಯರು. 1847ರಲ್ಲಿ ಜನಿಸಿದ ಇವರು ಲಂಡನ್ನಿನಲ್ಲಿ ಗೋಲ್ಡ್‌ಸ್ಟುಕರ್ ಪಂಡಿತರಿಂದ ಸಂಸ್ಕೃತವನ್ನು ಕಲಿತು, 1867ರಲ್ಲಿ ಮುಂಬಯಿ ಇಲಾಖೆಯ ಸೇವೆಗೆ ಬಂದರು. ಅಧಿಕಾರದ ಕಾರ್ಯಭಾರದ ನಡುವೆಯೇ ಹಳಗನ್ನಡವನ್ನು ಸಾಧಿಸಿ, 1882ರಲ್ಲಿ ಕನ್ನಡ ಜಿಲ್ಲೆಗಳ ರಾಜವಂಶಗಳ ಚರಿತ್ರೆಯನ್ನು ಪ್ರಕಟಿಸಿದರು. ಕದಂಬ, ಚಾಲುಕ್ಯ, ರಾಷ್ಟ್ರಕೂಟ, ಕಳಚುರ್ಯರ ಕಾಲಕ್ರಮವು ಅದರಿಂದ ಒಂದು ನೆಲೆಗೆ ಬಂದಿತು. ಗುಪ್ತರಾಜರ ಶಾಸನಗಳನ್ನು 1888ರಲ್ಲಿ ಹೊರತಂದರು. ಸಂಗೊಳ್ಳಿ ರಾಯಣ್ಣನ ಲಾವಣಿಯನ್ನು ಸಹ ಇವರು ಸಂಗ್ರಹಿಸಿದ್ದುದು ಎಷ್ಟು ಜನರಿಗೆ ಗೊತ್ತು!

ಆದರೆ ನಮ್ಮ ಸಮಾಜಕ್ಕೆ ಇವರ ಹೆಸರು ಪರಿಚಿತವಾದುದು ಅಬ್ಬಲೂರಿನ ಶಾಸನದಿಂದ. ಕ್ರಿ. ಶ. 1200ರ ಸುಮಾರಿನ ಈ ಶಿಲಾಲೇಖವು ಏಕಾಂತದ ರಾಮಯ್ಯಗಳ ಮಹಿಮೆಯನ್ನು ಸವಿಸ್ತರವಾಗಿ ಹೇಳುತ್ತದೆ. ಆಳಂದೆಯಲ್ಲಿ ಹುಟ್ಟಿದ ಆ ಶರಣರು ಅಬ್ಬಲೂರಿನಲ್ಲಿ ಪರಸಮಯದವರೊಡನೆ ಪಣವೊಡ್ಡಿ ಶಿರಸ್ಸನ್ನು ಅರ್ಪಿಸಿ ಮರಳಿ ಪಡೆದುದೂ, ಬಿಜ್ಜಳರಾಯನು ಜಯಪತ್ರವನ್ನು ಕೊಟ್ಟುದೂ ಅದರಲ್ಲಿವೆ. ಹರಿಹರಕವಿಯ ರಗಳೆಯಿಂದ ಭಕ್ತರು ಬಲ್ಲ ಕಥೆಗೆ ಕಲ್ಲಿನ ಸಾಕ್ಷಿ ದೊರೆತಂತಾಯಿತು. ಆ ಗುಡಿಯ ಭಿತ್ತಿಯ ಮೇಲಣ ಚಿತ್ರಶಿಲ್ಪಗಳೂ ಅದನ್ನೇ ತೋರಿಸುತ್ತವೆ.

ಈ ಶಾಸನವನ್ನು ‘ಎಪಿಗ್ರಾಫಿಯಾ ಇಂಡಿಕಾ’ದ ಐದನೆಯ ಸಂಪುಟದಲ್ಲಿ ಸಂಪಾದಿಸಿದ ಫ್ಲೀಟರು, ವೀರಶೈವದ ಪುನರುತ್ಥಾನಕ್ಕೆ ರಾಮಯ್ಯಗಳೇ ಮೂಲಪುರುಷರು, ಬಸವಣ್ಣನವರ ಪಾತ್ರವು ಅದಕ್ಕಿಂತ ಕಿರಿದೆಂದು ಊಹಿಸಿದರು. ಶಾಸನದಲ್ಲಿ ಬಸವಣ್ಣನವರ ಹೆಸರಿಲ್ಲವೆಂಬುದು ನಿಜ. ಆದರೆ ಒಂದು ಗುಡಿಯ ದತ್ತಿಗಾಗಿ ಬರೆಯಿಸಿದ ಕಲ್ಲು ಕಲ್ಯಾಣದ ವಿಷಯವನ್ನೆಲ್ಲ ಹೇಳಬೇಕೆಂಬ ನಿಯಮವುಂಟೇ? ಮೌನವನ್ನು ಪ್ರಮಾಣವೆಂದು ಗ್ರಹಿಸಿದುದು ಅವರ ತರ್ಕದ ದೋಷ. ಪಾಠವನ್ನು ಮಾತ್ರ ಅವರು ಕಿಂಚಿತ್ತೂ ತಿರುಚಲಿಲ್ಲ. ಅವರ ಅಭಿಪ್ರಾಯವನ್ನು ಖಂಡಿಸುವವರಿಗೂ ಅವರು ಅಚ್ಚುಹಾಕಿಸಿದ ಪಂಕ್ತಿಗಳೇ ಆಧಾರ.

ನಮ್ಮವರು ಕೆಲವರು ಇದಕ್ಕೆ ಕೋಪಗೊಂಡುದುಂಟು. ಕೋಪದಿಂದ ಚರಿತ್ರೆ ಸಿದ್ಧಿಸುವುದಿಲ್ಲ. ಉತ್ತರವು ಮತ್ತೊಂದು ಕಲ್ಲಿನಿಂದಲೇ ಬಂದಿತು. ಬೆಳಗಾವಿ ಜಿಲ್ಲೆಯ ಹುಕ್ಕೇರಿ ತಾಲೂಕಿನ ಅರ್ಜುನವಾಡದ ಶಾಸನವು ಯಾದವ ಕನ್ನರದೇವನ ಕಾಲದ್ದು, ಕ್ರಿ. ಶ. 1260ನೆಯ ವರ್ಷದ್ದು. ಬಾಗವಾಡಿಯ ಮಾದಿರಾಜರ ಪುತ್ರರಾದ ಬಸವರಾಜರನ್ನು ಅದು ಹೆಸರಿಸಿ ಸ್ತುತಿಸುತ್ತದೆ. ಅದು ಪ್ರಕಟವಾಗುವ ವೇಳೆಗೆ ಫ್ಲೀಟರು ಇರಲಿಲ್ಲ, 1917ರಲ್ಲಿಯೇ ಕಾಲವಾಗಿದ್ದರು.