ಕಾಫಿ ತೋಟದ ಇಂಗ್ಲಿಷ್

ಇಂಗ್ಲಿಷ್ ಭಾಷೆ ಬೆಳೆಯುವುದು ಎರವಲಿನಿಂದ ಮಾತ್ರವಲ್ಲ, ತನ್ನ ಹಳೆಯ ಪದಗಳಿಗೆ ಹೊಸ ಕೆಲಸ ಹಚ್ಚುವುದರಿಂದಲೂ ಹೌದು. ಸಕಲೇಶಪುರ, ಆಲೂರು ಕಡೆಯ ಕಾಫಿ ತೋಟಗಳಲ್ಲಿ ಎರಡೂ ನಡೆದಿವೆ.

ಕಾಫಿ ಎಂಬ ಹೆಸರೇ ಎರವಲು. ಅರಬ್ಬಿಯ ‘ಕಹ್ವಾ’ ತುರ್ಕಿ, ಡಚ್ ಬಾಯಿಗಳನ್ನು ದಾಟಿ 1600ರ ಆಸುಪಾಸಿನಲ್ಲಿ ಇಂಗ್ಲಿಷಿಗೆ ಬಂತು. ಸಕಲೇಶಪುರ ಸೀಮೆಗೆ ಹತ್ತೊಂಬತ್ತನೆಯ ಶತಮಾನದಲ್ಲಿ ಮಂಜರಾಬಾದ್ ಎಂದು ಹೆಸರು. 1850ರ ದಶಕದಲ್ಲಿ ಅಲ್ಲಿ ತೋಟ ಮಾಡಿದ ರಾಬರ್ಟ್ ಎಲಿಯಟ್ 1871 ಮತ್ತು 1894ರಲ್ಲಿ ಪ್ಲಾಂಟರ್ ಬದುಕಿನ ಬಗ್ಗೆ ಪುಸ್ತಕಗಳನ್ನು ಬರೆದ. ಆ ಕಾಲದ ಪ್ಲಾಂಟರುಗಳು ಹಳೆಯ ಕಾಫಿ ತಳಿಯನ್ನು ‘ಚಿಕ್’ ಎನ್ನುತ್ತಿದ್ದರು. ಅದು ಚಿಕ್ಕಮಗಳೂರಿನ ತಲೆಯಷ್ಟೇ ಉಳಿಸಿಕೊಂಡ ಹೆಸರು. ಕಾಂಡಕೊರಕ ಮತ್ತು ಎಲೆ ತುಕ್ಕು ರೋಗಕ್ಕೆ ಆ ತಳಿ ಸೋತಿತು, ಹೆಸರೂ ಬಳಕೆ ತಪ್ಪಿತು. ಆಳುಗಳ ಮೇಲ್ವಿಚಾರಕ ‘ಮೇಸ್ತ್ರಿ’ಯ ಹಾದಿ ಇನ್ನೂ ಸುತ್ತು: ಪೋರ್ಚುಗೀಸರ ‘ಮೆಸ್ತ್ರೆ’ ಇಲ್ಲಿನ ಭಾಷೆಗಳಿಗೆ ಇಳಿದು, ಇಲ್ಲಿಂದ ದೊರೆಗಳ ಇಂಗ್ಲಿಷಿಗೆ ಏರಿತು. 1886ರ ‘ಹಾಬ್ಸನ್-ಜಾಬ್ಸನ್’ ನಿಘಂಟಿನಲ್ಲಿ ಅದಕ್ಕೆ ಜಾಗ ಸಿಕ್ಕಿದೆ.

ಹೆಚ್ಚು ಸ್ವಾರಸ್ಯವಿರುವುದು ಅರ್ಥ ಬದಲಿಸಿದ ಪದಗಳಲ್ಲಿ. ‘ಪಾರ್ಚ್‌ಮೆಂಟ್’ ಎಂದರೆ ಮೊದಲು ಬರೆಯಲು ಹದಮಾಡಿದ ಚರ್ಮ. ಕಾಫಿಯಲ್ಲಿ ಅದು ಬೀಜದ ಮೇಲಿನ ಗರಿಗರಿ ಹೊಟ್ಟು; ಹಣ್ಣನ್ನು ಸಿಪ್ಪೆ ಸುಲಿಯುವ ಪಲ್ಪರಿಗೆ ಹಾಕಿ, ತೊಳೆದು, ಕಣದಲ್ಲಿ ಒಣಗಿಸಿದ ಬೀಜಕ್ಕೂ ಅದೇ ಹೆಸರು. ‘ಚೆರ್ರಿ’ಯದು ಇನ್ನೂ ದೂರದ ಪಯಣ. ಬೇರೆ ದೇಶಗಳ ಕಾಫಿ ಇಂಗ್ಲಿಷಿನಲ್ಲಿ ಚೆರ್ರಿ ಎಂದರೆ ಗಿಡದ ಕೆಂಪು ಹಣ್ಣು. ಭಾರತದ ಮಾರುಕಟ್ಟೆಯಲ್ಲಿ ಮಾತ್ರ ಅದು ಸಿಪ್ಪೆಸಮೇತ ಒಣಗಿಸಿದ ಕಾಫಿ. ಸಕಲೇಶಪುರದ ವ್ಯಾಪಾರಿ 50 ಕೆ.ಜಿ. ಚೆರ್ರಿ ಚೀಲಕ್ಕೆ ಬೆಲೆ ಕಟ್ಟುವ ಮುನ್ನ ‘ಓಟಿ’ ನೋಡುತ್ತಾನೆ. ಅದು ‘ಔಟ್‌ಟರ್ನ್’ನ ಮೊಟಕು ರೂಪ, ಓಟಿ 27 ಎಂದರೆ ಆ ಚೀಲದಿಂದ 27 ಕೆ.ಜಿ. ಸಿಪ್ಪೆ ತೆಗೆದ ಕಾಫಿ ಬೇಳೆ ಸಿಗುತ್ತದೆ ಎಂದರ್ಥ. ತೊಳೆದು ಸಂಸ್ಕರಿಸಿದ ಅರೇಬಿಕಾಕ್ಕೆ ಭಾರತದ ದರ್ಜೆಪಟ್ಟಿ ಕೊಟ್ಟ ಹೆಸರು ‘ಪ್ಲಾಂಟೇಶನ್’. ತೋಟ ಎಂಬ ಅರ್ಥದ ಪದ ಹೀಗೆ ಚೀಲದೊಳಗಿನ ಸರಕಿಗೂ ಸಂದಿತು.

ಮಳೆಯ ಮಾತಿನಲ್ಲಿ ಎರಡು ಭಾಷೆಗಳೂ ಪಾಲು ಹಂಚಿಕೊಂಡಿವೆ. ಮೊಗ್ಗು ಅರಳಿಸುವ ಬೇಸಿಗೆ ಮಳೆ ಇಂಗ್ಲಿಷಿನಲ್ಲಿ ‘ಬ್ಲಾಸಮ್ ಶವರ್’, ಕನ್ನಡದಲ್ಲಿ ‘ಹೂಮಳೆ’. ಕೆಲ ವಾರ ಬಿಟ್ಟು ಕಾಯಿ ನಿಲ್ಲಿಸಲು ಬೇಕಾಗುವ ಇನ್ನೊಂದು ಮಳೆಗೆ ಮಾತ್ರ ಬೆಳೆಗಾರರು ಅರ್ಧ ಇಂಗ್ಲಿಷನ್ನೇ ಉಳಿಸಿಕೊಂಡು ‘ಬ್ಯಾಕಿಂಗ್ ಮಳೆ’ ಎನ್ನುತ್ತಾರೆ.