ಬ್ರೇಕ್ ಇನ್ಸ್‌ಪೆಕ್ಟರ್‌ನಿಂದ ಹಳದಿ ದೀಪದವರೆಗೆ: ಕಾರಿನ ತಪಾಸಣೆಯ ನೂರು ವರ್ಷ

ಇವತ್ತಿನ ಸಂಚಿಕೆ ಶುರುವಾಗೋದು ಸಾಗರದ ಒಂದು ಗ್ಯಾರೇಜಿನಲ್ಲಿ. ನಾನು ಮತ್ತು ದೊಡ್ಡಪ್ಪ ಹೊಸನಗರದಿಂದ ಮಳೆಯಲ್ಲೇ ಕಾರು ತಗೊಂಡು ಬಂದಿದ್ವಿ. 2010ರ ಪೆಟ್ರೋಲ್ ಕಾರು, 15 ವರ್ಷ ತುಂಬುತ್ತಾ ಬಂದಿತ್ತು. ಆರ್‌ಸಿ ನವೀಕರಣ ಆಗಬೇಕು, ಅದಕ್ಕೆ ಆರ್‌ಟಿಒ ತಪಾಸಣೆ ಆಗಬೇಕು, ಎಮಿಷನ್ ಸರ್ಟಿಫಿಕೇಟೂ ಬೇಕು. ಆದರೆ ಮೀಟರಿನ ಪಕ್ಕದಲ್ಲಿ ಎಂಜಿನ್ ಚಿತ್ರದ ಹಳದಿ ದೀಪ ಹೊತ್ತಿಕೊಂಡು ಎರಡು ತಿಂಗಳಾಗಿತ್ತು.

ಮೆಕ್ಯಾನಿಕ್ ನಕ್ಕುಬಿಟ್ಟ. "ಇದಕ್ಕೆಂತ ತಲೆಬಿಸಿ ಮಾರಾಯ್ರೆ? ಸ್ಕ್ಯಾನರ್ ಹಾಕಿ ಕೋಡ್ ಅಳಿಸಿಬಿಡುವ. ಕೆಲಸ ಮುಗಿಯೋವರೆಗೆ ದೀಪ ಬರದಿದ್ರೆ ಆಯ್ತಲ್ಲ?"

ದೊಡ್ಡಪ್ಪ ನನ್ನ ಮುಖ ನೋಡಿದ್ರು. "ಎಂತ ಮಾಡುವ ಮಾಣಿ?"

ನನಗೂ ಗೊತ್ತಿರಲಿಲ್ಲ. ಆ ದೀಪ ಅಲ್ಲಿ ಯಾಕಿದೆ, ಅದನ್ನ ಇಟ್ಟವರು ಯಾರು ಅಂತ ಹುಡುಕ್ತಾ ಹೋದಾಗ ಸಿಕ್ಕ ಕತೆ ಇದು.

ಮೊದಲು ನಮ್ಮೂರಿನ ಹಳೇ ಬಸ್ಸುಗಳ ಹತ್ತಿರ ಹೋಗೋಣ. ಎರಡನೇ ಮಹಾಯುದ್ಧದ ಕಾಲ. ಸಾಗರ, ಹೊಸನಗರ, ತೀರ್ಥಹಳ್ಳಿ ಮೂರೂ ಆಗ ಮೈಸೂರು ಸಂಸ್ಥಾನದಲ್ಲಿದ್ದವು. ಪೆಟ್ರೋಲಿಗೆ ರೇಷನ್ ಬಂತು. ಬಸ್ಸುಗಳು ಇದ್ದಿಲಿನ ಗ್ಯಾಸ್‌ನಲ್ಲಿ ಓಡೋಕೆ ಶುರುಮಾಡಿದವು. ಬಸ್ಸಿನ ಹಿಂದೆ ದೊಡ್ಡ ಒಲೆಯಂಥ ಡಬ್ಬ, ಅದರಲ್ಲಿ ಇದ್ದಿಲು. ಕ್ಲೀನರ್ ಗಾಳಿ ತಿರುಗಿಸಿ ಬೆಂಕಿ ಎಬ್ಬಿಸಬೇಕು. ಏರು ಬಂದರೆ ಬಸ್ಸು ಏದುಸಿರು ಬಿಡ್ತಿತ್ತು, ಪ್ರಯಾಣಿಕರು ಇಳಿದು ತಳ್ಳಬೇಕಿತ್ತು ಅಂತ ಹಿರಿಯರು ಈಗಲೂ ಹೇಳ್ತಾರೆ.

ತಮಾಷೆ ನೋಡಿ. ಆ ಇದ್ದಿಲು ಗ್ಯಾಸ್‌ನಲ್ಲಿ ಉರಿಯೋ ಮುಖ್ಯ ಭಾಗವೇ ಕಾರ್ಬನ್ ಮಾನಾಕ್ಸೈಡ್. ಇವತ್ತು ಎಮಿಷನ್ ಸೆಂಟರಿನ ಯಂತ್ರ ಹುಡುಕಿ ಅಳೆಯೋದೂ ಅದನ್ನೇ! ಆವತ್ತಿನ ಇಂಧನ ಇವತ್ತಿನ ಅಪರಾಧಿ. ಹೊಗೆ ಅಂದ್ರೆ ತಪ್ಪು ಅನ್ನೋ ಯೋಚನೆ ಆಗ ಯಾರಿಗೂ ಇರಲಿಲ್ಲ. ಗಾಡಿ ಘಾಟಿ ಹತ್ತಬೇಕು, ಇಳಿಯುವಾಗ ನಿಲ್ಲಬೇಕು, ಅಷ್ಟೇ.

ಅದಕ್ಕೇ ಇರಬೇಕು, ಆರ್‌ಟಿಒ ಅಧಿಕಾರಿಗೆ ನಮ್ಮ ಜನ ಇಟ್ಟ ಹೆಸರು "ಬ್ರೇಕ್ ಇನ್ಸ್‌ಪೆಕ್ಟರ್". ಸರ್ಕಾರಿ ಕಾಗದದಲ್ಲಿ ಅವರು ಮೋಟಾರು ವಾಹನ ನಿರೀಕ್ಷಕರು. ಜನರ ಬಾಯಲ್ಲಿ ಮಾತ್ರ ಬ್ರೇಕ್. ಆಗುಂಬೆ ಘಾಟಿಯ 14 ತಿರುವು ಇಳಿಯೋರಿಗೆ ಗಾಡಿಯಲ್ಲಿ ಯಾವುದು ಮುಖ್ಯ ಅಂತ ಬೇರೆ ಹೇಳಬೇಕಾ? ಬ್ರಿಟಿಷ್ ಇಂಡಿಯಾದ 1939ರ ಮೋಟಾರು ವಾಹನ ಕಾಯ್ದೆಯಲ್ಲೇ ಬಾಡಿಗೆ ಗಾಡಿಗಳಿಗೆ ಫಿಟ್‌ನೆಸ್ ಸರ್ಟಿಫಿಕೇಟ್ ಇತ್ತು. ನಾವು ಇವತ್ತಿಗೂ "ಎಫ್‌ಸಿ" ಅನ್ನೋದು ಅದನ್ನೇ.

ಹಾಗಾದರೆ ಹೊಗೆ ಯಾವಾಗ ತಪ್ಪಾಯ್ತು? ಇದಕ್ಕೆ ಸ್ವಲ್ಪ ದೂರ, ಅಮೆರಿಕದ ಲಾಸ್ ಏಂಜಲೀಸ್‌ಗೆ ಹೋಗಬೇಕು. 1940ರ ದಶಕದಲ್ಲಿ ಆ ಊರಿನ ಮೇಲೆ ಕಣ್ಣುರಿಸೋ ಮಂಜು ಕವಿಯೋಕೆ ಶುರುವಾಯ್ತು. ಅಲ್ಲಿ ಏರಿ ಹಾಗೆನ್-ಸ್ಮಿತ್ ಅಂತ ಒಬ್ಬ ರಸಾಯನ ವಿಜ್ಞಾನಿ ಇದ್ದರು. ಅವರು ಸಂಶೋಧನೆ ಮಾಡ್ತಿದ್ದದ್ದು ಅನಾನಸ್ ಹಣ್ಣಿನ ಪರಿಮಳದ ಮೇಲೆ. ನಮ್ಮ ಬನವಾಸಿ ಕಡೆ ಬೆಳೀತಾರಲ್ಲ, ಅದೇ ಅನಾನಸ್. ಪರಿಮಳವನ್ನ ಬಿಡಿಸಿ ನೋಡೋ ವಿಧಾನದಲ್ಲೇ ಅವರು ಊರಿನ ಗಾಳಿಯನ್ನೂ ಬಿಡಿಸಿ ನೋಡಿದರು. ಕಾರಿನ ಹೊಗೆ ಬಿಸಿಲಿಗೆ ಸೇರಿ ವಿಷದ ಮಂಜಾಗ್ತಿದೆ ಅಂತ ತೋರಿಸಿದರು. ಮುಂದೆ ಕ್ಯಾಲಿಫೋರ್ನಿಯಾ ಕಾರು ಕಂಪನಿಗಳ ಬೆನ್ನುಬಿತ್ತು.

ಭಾರತದಲ್ಲಿ ಇದು ನಿಧಾನಕ್ಕೆ ಬಂತು. ವಕೀಲ ಎಂ.ಸಿ. ಮೆಹ್ತಾ 1985ರಲ್ಲಿ ದೆಹಲಿಯ ಗಾಳಿಗಾಗಿ ಸುಪ್ರೀಂ ಕೋರ್ಟ್ ಮೆಟ್ಟಿಲೇರಿದರು. 1988ರ ಹೊಸ ಮೋಟಾರು ವಾಹನ ಕಾಯ್ದೆ 1989ರ ಜುಲೈನಲ್ಲಿ ಜಾರಿಗೆ ಬಂತು. ಅದರ ಕೇಂದ್ರ ನಿಯಮಗಳಲ್ಲಿ ಹೊಗೆಗೂ ಒಂದು ಮಿತಿ ಹಾಕಿದರು. ಹಳೇ ಪೆಟ್ರೋಲ್ ಕಾರು ಐಡಲ್‌ನಲ್ಲಿ ನಿಂತಾಗ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಶೇ 3 ದಾಟಬಾರದು. ಮುಂದೆ ಬಿಎಸ್-2, ಬಿಎಸ್-3 ಕಾರುಗಳಿಗೆ ಅದು ಶೇ 0.5 ಆಯ್ತು, ಬಿಎಸ್-4ಕ್ಕೆ ಶೇ 0.3. ಅಂದ್ರೆ ಹತ್ತನೇ ಒಂದು ಭಾಗ!

ಇಷ್ಟು ಇಳಿದದ್ದರಲ್ಲಿ ದೊಡ್ಡ ಪಾತ್ರ ಸೈಲೆನ್ಸರ್ ಪೈಪಿನ ದಾರಿಯಲ್ಲಿ ಕೂರೋ ಕ್ಯಾಟಲಿಟಿಕ್ ಕನ್ವರ್ಟರ್‌ದು. ವಿಷದ ಅನಿಲವನ್ನ ಅದು ಅಲ್ಲೇ ಬದಲಾಯಿಸುತ್ತೆ. ಆದರೆ ಪೆಟ್ರೋಲಿನಲ್ಲಿ ಸೀಸ ಇದ್ದರೆ ಅದು ಹಾಳಾಗುತ್ತೆ. ಅದಕ್ಕೇ 2000ನೇ ಇಸವಿಯ ಫೆಬ್ರುವರಿ ಹೊತ್ತಿಗೆ ದೇಶದ ಎಲ್ಲಾ ಬಂಕುಗಳಿಗೂ ಸೀಸ ಇಲ್ಲದ ಪೆಟ್ರೋಲ್ ಬಂತು.

ಇಲ್ಲಿ ಒಂದು ತೊಡಕು ಎದುರಾಯ್ತು. ಕಾರು ಹೊಸದಿದ್ದಾಗ ಸರಿಯೇ ಇರುತ್ತೆ. ಐದು ವರ್ಷ ಕಳೆದ ಮೇಲೆ? ಕನ್ವರ್ಟರ್ ಕೆಟ್ಟರೂ ಕಾರು ಓಡುತ್ತೆ. ಹೊಗೆ ಕಣ್ಣಿಗೆ ಕಾಣಲ್ಲ, ಮಾಲೀಕನಿಗೆ ಗೊತ್ತೂ ಆಗಲ್ಲ. ವರ್ಷಕ್ಕೊಂದು ಸಲ ಪೈಪಿಗೆ ಪ್ರೋಬ್ ಹಾಕಿ ನೋಡಿದರೆ ಉಳಿದ 364 ದಿನದ ಕತೆ ಏನು?

ಇದಕ್ಕೆ ಉತ್ತರವೇ ಆ ಹಳದಿ ದೀಪ. ಕ್ಯಾಲಿಫೋರ್ನಿಯಾ ತನ್ನಲ್ಲಿ ಮಾರೋ ಕಾರುಗಳಿಗೆ 1988ರ ಮಾದರಿಯಿಂದ ಇದನ್ನ ಕಡ್ಡಾಯ ಮಾಡ್ತು. 1996ರಿಂದ ಇಡೀ ಅಮೆರಿಕದ ಕಾರುಗಳಿಗೆ ಒಂದೇ ನಮೂನೆಯ 16 ಪಿನ್ನಿನ ಸಾಕೆಟ್ ಬಂತು. ನಮ್ಮ ಗ್ಯಾರೇಜಿನಲ್ಲಿ ಸ್ಟೀರಿಂಗ್ ಕೆಳಗೆ ಸ್ಕ್ಯಾನರ್ ಚುಚ್ಚೋದು ಅಲ್ಲಿಗೇ. ಭಾರತಕ್ಕೆ ಇದು ನಿಯಮವಾಗಿ ಬಂದದ್ದು 2010ರಲ್ಲಿ, ಬಿಎಸ್-4ರ ಜೊತೆ. ಬೆಂಗಳೂರಿನಂಥ ಕೆಲವೇ ದೊಡ್ಡ ಊರುಗಳಿಗೆ ಮೊದಲು. ದೇಶಪೂರ್ತಿ ಬಿಎಸ್-4 ಆಗಿದ್ದು 2017ರ ಏಪ್ರಿಲ್ 1ಕ್ಕೆ. ಮಲೆನಾಡಿನ ತಾಲೂಕುಗಳು ವರ್ಷಗಟ್ಟಲೆ ಕಾದವು. ಆದರೆ ಕೆಲವು ಕಂಪನಿಗಳು ಬಿಎಸ್-3 ಕಾರಿಗೂ ಈ ದೀಪ ಇಟ್ಟಿದ್ದವು. ದೊಡ್ಡಪ್ಪನ ಕಾರಿನದ್ದು ಅಂಥ ದೀಪ.

ಈಗ ವಾಪಸ್ ಗ್ಯಾರೇಜಿಗೆ ಬರೋಣ.

ಕ್ಯಾಲಿಫೋರ್ನಿಯಾದಲ್ಲಿ ಈ ದೀಪ ಹೊತ್ತಿದ್ದರೆ ಹೊಗೆ ಪರೀಕ್ಷೆ ಅಲ್ಲೇ ಫೇಲ್. ನಮ್ಮ ಎಮಿಷನ್ ಸೆಂಟರಿನಲ್ಲಿ ಯಂತ್ರ ಅಳೆಯೋದು ಪೈಪಿನ ಹೊಗೆಯನ್ನ. ದೀಪ ಹೊತ್ತಿದ್ದರೂ ಆ ಎರಡು ನಿಮಿಷ ಹೊಗೆ ಮಿತಿಯೊಳಗೆ ಇದ್ದುಬಿಡಬಹುದು. ಅಂದ್ರೆ ಒಂದೇ ಕಾರಿಗೆ ಇಬ್ಬರು ಪರೀಕ್ಷಕರು. ಒಬ್ಬರು ಹೊರಗೆ ನಿಂತು ಒಂದು ದಿನ ನೋಡ್ತಾರೆ. ಇನ್ನೊಬ್ಬರು ಒಳಗೇ ಕೂತು ವರ್ಷಪೂರ್ತಿ ಜೊತೆಗೆ ಬರ್ತಾರೆ. ಮೊದಲನೆಯವರನ್ನ ದಾಟೋಕೆ ಎರಡನೆಯವರ ಬಾಯಿ ಮುಚ್ಚಿಸೋದು, ಮೆಕ್ಯಾನಿಕ್ ಹೇಳಿದ ಉಪಾಯ ಅದು.

ಕೋಡ್ ಅಳಿಸಿದರೆ ದೋಷ ಹೋಗಲ್ಲ. ಕಂಪ್ಯೂಟರ್ ಮತ್ತೆ ಮೊದಲಿಂದ ಪರೀಕ್ಷೆ ಶುರುಮಾಡುತ್ತೆ, ಸ್ವಲ್ಪ ದಿನ ಓಡಿಸಿದರೆ ದೀಪ ವಾಪಸ್. ಬಲ್ಬನ್ನೇ ಕೀಳಿಸೋರೂ ಇದ್ದಾರೆ. ಅದು ಇನ್ನೂ ಕಷ್ಟ, ಯಾಕಂದ್ರೆ ಮುಂದೆ ಬರೋ ಬೇರೆ ದೋಷದ ಸುದ್ದಿಯೂ ನಿಂತುಹೋಗುತ್ತೆ. ಇವತ್ತು ಸಣ್ಣ ಸೆನ್ಸರ್, ನಾಳೆ ಎಂಜಿನ್ ಮಿಸ್ಸಿಂಗ್. ನಮ್ಮ ಕಡೆ ರಾತ್ರಿ ಹೊತ್ತು ಯಾರಿಗಾದರೂ ಎದೆನೋವು ಬಂದರೆ ಮನೆ ಕಾರೇ ಆಂಬುಲೆನ್ಸ್. ಹುಲಿಕಲ್ ಘಾಟಿನೋ ಆಗುಂಬೆನೋ ಇಳಿದು ಮಣಿಪಾಲಕ್ಕೆ ಹೋಗಬೇಕು. ಆ ಹೊತ್ತಲ್ಲಿ ಕಾಗದದ ಎಫ್‌ಸಿ ಗಾಡಿ ಎಳೆಯಲ್ಲ.

ನಾನು ಹೇಳಿದೆ, "ಅಳಿಸೋದು ಬೇಡ, ಕೋಡ್ ಎಂತ ಅಂತ ನೋಡಿ ಮೊದಲು."

ಆಕ್ಸಿಜನ್ ಸೆನ್ಸರ್ ಕೋಡ್ ಬಂತು. ಬಾನೆಟ್ ಎತ್ತಿ ನೋಡಿದರೆ ಅದರ ವೈರನ್ನ ಇಲಿ ಕಡಿದಿತ್ತು. ಮಳೆಗಾಲದಲ್ಲಿ ಬೆಚ್ಚಗಿರೋ ಎಂಜಿನ್ ಅಂದ್ರೆ ಮಲೆನಾಡಿನ ಇಲಿಗಳಿಗೆ ಪ್ರಾಣ! "ಅದಕ್ಕೇ ಈಚೆಗೆ ಪೆಟ್ರೋಲ್ ಹೆಚ್ಚು ಕುಡೀತಿತ್ತು ಕಾಣ್ತದೆ," ಅಂದ್ರು ದೊಡ್ಡಪ್ಪ. ಹಾಗೇ ಬಿಟ್ಟಿದ್ದರೆ ಆ ಹೆಚ್ಚಿನ ಪೆಟ್ರೋಲ್ ಕನ್ವರ್ಟರನ್ನೂ ಸುಡ್ತಿತ್ತು. ವೈರಿಗೆ ಹೋಲಿಸಿದರೆ ಅದರ ಬೆಲೆ ಎಷ್ಟೋ ಪಟ್ಟು.

ನಿಮ್ಮ ಮನೇಲೂ ಇಂಥ ಕಾರಿದ್ದರೆ ಇಷ್ಟು ನೆನಪಿಡಿ. ತಪಾಸಣೆಗೆ ಹದಿನೈದು ದಿನ ಮೊದಲೇ ಸ್ಕ್ಯಾನ್ ಮಾಡಿಸಿ. ಕೋಡ್ ನಂಬರ್ ಬರೆದುಕೊಳ್ಳಿ. ರಿಪೇರಿ ಆದ ಮೇಲೆ ನಾಲ್ಕೈದು ದಿನ ಓಡಿಸಿ, ದೀಪ ಮತ್ತೆ ಬರುತ್ತಾ ನೋಡಿ. ಎಮಿಷನ್ ಟೆಸ್ಟಿಗೆ ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಹೋಗಿ. ಹಳದಿ ದೀಪ ಮಿನುಗ್ತಿದ್ದರೆ ಅಥವಾ ಕೆಂಪು ಆಯಿಲ್ ದೀಪ ಬಂದರೆ ಮಾತ್ರ ಮುಂದೆ ಓಡಿಸಬೇಡಿ, ಬದಿಗೆ ನಿಲ್ಲಿಸಿ.

ವಾರ ಬಿಟ್ಟು ಎಮಿಷನ್ ಆಯ್ತು, ತಪಾಸಣೆಯೂ ಆಯ್ತು. ಕಾರಿಗೆ ಇನ್ನೂ ಐದು ವರ್ಷ ಸಿಕ್ಕಿತು. ವಾಪಸ್ ಬರುವಾಗ ದೊಡ್ಡಪ್ಪ ಕೀ ತಿರುಗಿಸಿದರು. ದೀಪ ಒಂದು ಕ್ಷಣ ಹೊತ್ತಿತು, ಎಂಜಿನ್ ಶುರುವಾದ ಕೂಡಲೇ ಆರಿತು. "ಬ್ರೇಕ್ ಇನ್ಸ್‌ಪೆಕ್ಟರ್ ಒಳಗೇ ಇದ್ದಾರೆ ಹಂಗಾದ್ರೆ," ಅಂತ ನಕ್ಕರು.

ನಿಮ್ಮೂರಿನ ಇದ್ದಿಲು ಬಸ್ಸಿನ ಕತೆ ಮನೆಯ ಹಿರಿಯರಿಗೆ ನೆನಪಿದೆಯಾ? ಇವತ್ತೇ ಕೇಳಿ, ಫೋನಿನಲ್ಲಿ ರೆಕಾರ್ಡ್ ಮಾಡಿಟ್ಟುಕೊಳ್ಳಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.