ಡ್ರಾಫ್ಟ್ ಇಲ್ಲದೆ ವೃತ್ತಿಪರ ಫುಟ್‌ಬಾಲ್ ಪ್ರವೇಶ

ಡ್ರಾಫ್ಟ್ ಎಂದರೆ ಲೀಗಿನ ತಂಡಗಳು ಸರದಿಯಂತೆ ಆಟಗಾರರನ್ನು ಆರಿಸಿಕೊಳ್ಳುವ ಕ್ರಮ. ಭಾರತದಲ್ಲಿ ಇಂದು ಅದರ ಹಂಗಿಲ್ಲದೆ ವೃತ್ತಿಪರ ಫುಟ್‌ಬಾಲ್ ಸೇರಬಹುದು. ಕ್ಲಬ್ಬಿನೊಡನೆ ನೇರ ಒಪ್ಪಂದವೇ ರೂಢಿಯ ದಾರಿ. 2014ರಲ್ಲಿ ಶುರುವಾದ ಇಂಡಿಯನ್ ಸೂಪರ್ ಲೀಗ್ ದೇಶಿ ಆಟಗಾರರನ್ನು ಡ್ರಾಫ್ಟ್ ಮೂಲಕ ಹಂಚುತ್ತಿತ್ತು. 2015ರಲ್ಲಿ ಹರಾಜೂ ನಡೆದು, ಸುನಿಲ್ ಛೆಟ್ರಿ 1.2 ಕೋಟಿ ರೂಪಾಯಿಗೆ ಮುಂಬೈ ಸಿಟಿ ಪಾಲಾದರು. 2017ರಲ್ಲಿ ಲೀಗಿಗೆ ಕಾಲಿಟ್ಟ ಬೆಂಗಳೂರು ಎಫ್‌ಸಿ, ಅದಾಗಲೇ ತನ್ನ ಆಟಗಾರರಾಗಿದ್ದ ಛೆಟ್ರಿಯವರನ್ನೂ ಉದಾಂತ ಸಿಂಗ್ ಅವರನ್ನೂ ಉಳಿಸಿಕೊಂಡಿತು. ಇಬ್ಬರೂ ಡ್ರಾಫ್ಟಿನ ಪಟ್ಟಿಗೆ ಹೋಗಲೇ ಇಲ್ಲ. ಆ ವರ್ಷದ ಬಳಿಕ ಡ್ರಾಫ್ಟೇ ನಿಂತಿತು. ಆಟಗಾರನ ಇಚ್ಛೆಗೆ ಬೆಲೆ ಕೊಡುವ ಒಳ್ಳೆಯ ಬದಲಾವಣೆ ಇದು.

ಬೆಳಗಾವಿ ಜಿಲ್ಲೆಯ ಕಾಗವಾಡ ತಾಲೂಕಿನ ಮಂಗಸೂಳಿಯಂಥ ಊರುಗಳ ಹುಡುಗರಿಗೆ ಹತ್ತಿರದ ಉದಾಹರಣೆ ಗಡಿಯಾಚೆಯ ಕೊಲ್ಹಾಪುರದ ಅನಿಕೇತ್ ಜಾಧವ್. 2017ರ 17 ವರ್ಷದೊಳಗಿನವರ ವಿಶ್ವಕಪ್ ಆಡಿ, ಇಂಡಿಯನ್ ಆ್ಯರೋಸ್ ತಂಡದಲ್ಲಿ ಪಳಗಿ, 2019ರಲ್ಲಿ ಅವರು ಜಮ್‌ಶೆಡ್‌ಪುರ ಎಫ್‌ಸಿ ಸೇರಿದರು. ಅಕಾಡೆಮಿ, ವಯೋಮಿತಿಯ ಟೂರ್ನಿ, ಕ್ಲಬ್ ನೋಂದಣಿ: ಈ ದಾರಿ ದೀರ್ಘವಾದರೂ ತೆರೆದೇ ಇದೆ.

ಅಮೆರಿಕನ್ ಫುಟ್‌ಬಾಲ್ ಬೇರೆಯೇ ಆಟ. ಅದರ ರಾಷ್ಟ್ರೀಯ ಲೀಗಿನಲ್ಲಿ ಡ್ರಾಫ್ಟ್ 1936ರಿಂದ ಇದೆ. ಅಲ್ಲೂ ಯಾರೂ ಆರಿಸದ ಆಟಗಾರ ಒಪ್ಪುವ ಯಾವ ತಂಡವನ್ನಾದರೂ ಸೇರಬಹುದು. 1994ರಲ್ಲಿ ಹಾಗೆ ಉಳಿದುಹೋದ ಕರ್ಟ್ ವಾರ್ನರ್ 2000ದ ಜನವರಿಯಲ್ಲಿ ಆ ಲೀಗಿನ ಅಂತಿಮ ಪಂದ್ಯವಾದ ಸೂಪರ್ ಬೌಲ್ ಗೆದ್ದರು.